ವರ್ತಕರ ಪಟ್ಟಿ, ಪೌರರ ಮತ

ಪ್ರಜಾಪ್ರಭುತ್ವದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ರಾಜಧಾನಿಗಳ ಕಡೆಗೂ ಪಾರ್ಲಿಮೆಂಟುಗಳ ಕಡೆಗೂ ದೃಷ್ಟಿಯಿಡುತ್ತಾರೆ. ಪುರಸಭೆಯ ಚುನಾವಣೆ ಅವರಿಗೆ ಸಣ್ಣ ಸಂಗತಿ. ಆದರೆ ನಮ್ಮ ಮನೆಯ ಮುಂದಿನ ಮೋರಿ ಸಲೀಸಾಗಿ ಹರಿಯಬೇಕೆ, ಕಟ್ಟಿ ನಿಲ್ಲಬೇಕೆ, ಮಳೆಗಾಲದಲ್ಲಿ ಬೀದಿ ಬೀದಿಯಾಗಿಯೇ ಉಳಿಯಬೇಕೆ, ಹೊಳೆಯಾಗಬೇಕೆ ಎಂಬುದೆಲ್ಲ ತೀರ್ಮಾನವಾಗುವುದು ಅಲ್ಲಿಯೇ. ಆ ಸಭೆಗೆ ಯಾರು ಹೋಗತಕ್ಕದ್ದೆಂಬುದನ್ನು ಮತದಾರರು ಗೊತ್ತುಮಾಡುತ್ತಾರೆಂದು ಶಾಸನ ಹೇಳುತ್ತದೆ. ಒಪ್ಪೋಣ. ಆದರೆ ಮತದಾರನ ಮುಂದೆ ಬರುವ ಹೆಸರುಗಳನ್ನು ಮೊದಲು ಆರಿಸುವವರು ಯಾರು? ಈ ಎರಡನೆಯ ಪ್ರಶ್ನೆಗೆ ಶಾಸನದಲ್ಲಿ ಉತ್ತರ ದೊರೆಯುವುದು ಅಪರೂಪ. ಅದನ್ನು ಚರಿತ್ರೆಯಲ್ಲಿ ಹುಡುಕಬೇಕು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಅನೇಕ ನಗರಗಳಲ್ಲಿ ಇಪ್ಪತ್ತನೆಯ ಶತಮಾನದ ಬಹುಭಾಗ ಈ ಕೆಲಸವನ್ನು ಮಾಡಿದವರು ಊರಿನ ವರ್ತಕರ ಸಂಘಗಳು. ವರ್ತಕರು ಎಂಬ ಮಾತಿನಲ್ಲಿ ಬ್ಯಾಂಕಿನ ಒಡೆಯರು, ಕಾರ್ಖಾನೆಯ ಧಣಿಗಳು, ದೊಡ್ಡ ಅಂಗಡಿಗಳವರು, ನಿವೇಶನಗಳ ವ್ಯಾಪಾರಿಗಳು, ಇವರೆಲ್ಲರನ್ನೂ ಸೇರಿಸಿಕೊಳ್ಳಬೇಕು. ಚುನಾವಣೆ ಸಮೀಪಿಸಿದಾಗ ಇವರು ಒಂದೆಡೆ ಕಲೆತು, ಇಂಥಿಂಥವರು ಯೋಗ್ಯರು ಎಂದು ಒಂದು ಪಟ್ಟಿಯನ್ನು ಸಿದ್ಧಪಡಿಸಿ, ಅದನ್ನು ಪತ್ರಿಕೆಗಳಲ್ಲಿ ಪ್ರಕಟಿಸಿ, ಅದರ ಗೆಲುವಿಗೆ ಬೇಕಾದ ಹಣವನ್ನು ಒದಗಿಸುತ್ತಿದ್ದರು. ಇದರಿಂದ ಊರಿಗೆ ಬಂದ ಹಿತವೇನು, ಅಹಿತವೇನು ಎಂಬುದನ್ನು ಮೂರು ಪಟ್ಟಣಗಳ ಚರಿತ್ರೆಯಿಂದ ಶ್ರೋತೃಗಳ ಮುಂದಿಡಲು ಉದ್ದೇಶಿಸಿದ್ದೇನೆ. ಮೂರರಲ್ಲಿಯೂ ನೀರಿನ ಹಾವಳಿಯೊಂದು ಬರುತ್ತದೆ. ಎರಡು ಕಡೆ ಆ ನೀರು ವರ್ತಕರನ್ನು ಅಧಿಕಾರಕ್ಕೆ ತಂದಿತು. ಮೂರನೆಯ ಕಡೆ ಅವರ ಕಾಲವನ್ನು ಮುಗಿಸಲು ಕಾರಣವಾಯಿತು.

ಮೊದಲು ನಮ್ಮ ದೇಶದ ಹಳೆಯ ಪದ್ಧತಿಯೊಂದನ್ನು ಜ್ಞಾಪಿಸಿಕೊಳ್ಳುವುದು ಒಳ್ಳೆಯದು. ಬ್ರಿಟಿಷರ ಆಳಿಕೆಯಲ್ಲಿ ವರ್ತಕರು ಹೆಸರು ಸೂಚಿಸಿ ಮತ ಬೇಡುವ ಶ್ರಮಕ್ಕೆ ಹೋಗಬೇಕಾಗಿರಲಿಲ್ಲ. ಅವರಿಗೆ ಸ್ಥಾನಗಳು ಶಾಸನದಲ್ಲಿಯೇ ಮೀಸಲಾಗಿದ್ದುವು. ೧೮೮೮ರ ಮುಂಬಯಿ ಪುರಸಭಾ ಶಾಸನದಂತೆ ಕಾರ್ಪೊರೇಷನ್ನಿನ ೭೨ ಸದಸ್ಯರಲ್ಲಿ ವಾರ್ಡುಗಳಿಂದ ಚುನಾಯಿತರಾಗುತ್ತಿದ್ದವರು ೩೬ ಮಂದಿ ಮಾತ್ರ. ಉಳಿದವರಲ್ಲಿ ಇಬ್ಬರನ್ನು ಚೇಂಬರ್ ಆಫ್ ಕಾಮರ್ಸ್ ಎಂಬ ವರ್ತಕ ಮಂಡಲಿಯು ತಾನೇ ಆರಿಸಿ ಕಳುಹಿಸುತ್ತಿತ್ತು. ಮೈಸೂರು ಸಂಸ್ಥಾನದಲ್ಲಿಯೂ ೧೯೨೩ರ ಸುಧಾರಣೆಗಳು ವಿಶೇಷ ಹಿತಗಳೆಂಬ ಹೆಸರಿನಲ್ಲಿ ಪ್ರತ್ಯೇಕ ಪ್ರಾತಿನಿಧ್ಯಕ್ಕೆ ಅವಕಾಶ ಮಾಡಿಕೊಟ್ಟಿದ್ದುವು. ಆ ಪದ್ಧತಿಯಲ್ಲಿ ಪಕ್ಷಪಾತ ಉಂಟು, ಆದರೆ ಮುಚ್ಚುಮರೆಯಿಲ್ಲ. ವರ್ತಕರ ಪ್ರತಿನಿಧಿ ಯಾರೆಂಬುದು ಸಭೆಯಲ್ಲಿ ಎಲ್ಲರಿಗೂ ತಿಳಿದಿರುತ್ತಿತ್ತು. ಅವನ ಒಂದು ಮತಕ್ಕೆ ಒಂದೇ ಮತದ ಬೆಲೆ.

ಅಮೆರಿಕಾದಲ್ಲಿ ಇಂಥ ಮೀಸಲು ಸ್ಥಾನಗಳಿರಲಿಲ್ಲ. ಎಲ್ಲರಿಗೂ ಸಮಾನವಾದ ಮತವೆಂಬುದು ಅಲ್ಲಿನ ಘೋಷಿತ ತತ್ತ್ವ. ಆದುದರಿಂದ ಹಣವುಳ್ಳವರು ಮತದಾರರ ಮೂಲಕವೇ ನಡೆಯಬೇಕಾಯಿತು. ಅದಕ್ಕೆ ದಾರಿ ಎರಡು: ಒಂದು ಗುಪ್ತವಾದದ್ದು, ಇನ್ನೊಂದು ಬಹಿರಂಗವಾದದ್ದು. ಗುಪ್ತಮಾರ್ಗಕ್ಕೆ ಪ್ರಸಿದ್ಧ ನಿದರ್ಶನ ಕ್ಯಾಲಿಫೋರ್ನಿಯಾ ಸಂಸ್ಥಾನ. ಸದರ್ನ್ ಪೆಸಿಫಿಕ್ ಎಂಬ ರೈಲ್ವೆ ಕಂಪೆನಿ ಅಲ್ಲಿ ಹಲವು ದಶಕಗಳ ಕಾಲ ಪಕ್ಷಗಳ ಸಮ್ಮೇಳನಗಳಲ್ಲಿ ತನ್ನ ಕೈ ನಡೆಯುವಂತೆ ನೋಡಿಕೊಂಡಿತ್ತು. ಯಾರು ಉಮೇದುವಾರರಾಗಬೇಕೆಂಬುದು ತೆರೆಯ ಹಿಂದೆ ಗೊತ್ತಾಗುತ್ತಿತ್ತು. ೧೯೧೦ರಲ್ಲಿ ಹೈರಮ್ ಜಾನ್ಸನ್ ಎಂಬ ವಕೀಲನು ಈ ಕಂಪೆನಿಯನ್ನು ರಾಜಕೀಯದಿಂದ ಹೊರಗಟ್ಟುವೆನೆಂಬ ಒಂದೇ ಮಾತಿನ ಮೇಲೆ ಗವರ್ನರನಾಗಿ ಚುನಾಯಿತನಾದನು. ಮರುವರ್ಷ, ಎಂದರೆ ೧೯೧೧ರಲ್ಲಿ, ಚುನಾಯಿತನಾದವನನ್ನು ನಡುವೆಯೇ ಹಿಂದಕ್ಕೆ ಕರೆಯಿಸಿಕೊಳ್ಳುವ ಹಕ್ಕು ಆ ಸಂಸ್ಥಾನದ ಮತದಾರರಿಗೆ ದೊರೆಯಿತು. ಇಂಥ ಮರೆಯ ವ್ಯವಹಾರದ ಪಕ್ಕದಲ್ಲಿಟ್ಟು ನೋಡಿದರೆ, ವರ್ತಕರು ತಮ್ಮ ಪಟ್ಟಿಯನ್ನು ಪತ್ರಿಕೆಯಲ್ಲಿ ಅಚ್ಚುಹಾಕಿಸುವುದು ಒಂದು ಸುಧಾರಣೆಯೇ ಸರಿ. ಆ ಬಹಿರಂಗ ಮಾರ್ಗದ ಕಥೆಯನ್ನು ಈಗ ನೋಡೋಣ.

ಟೆಕ್ಸಸ್ ಸಂಸ್ಥಾನದ ಗ್ಯಾಲ್ವೆಸ್ಟನ್ ಒಂದು ದ್ವೀಪದ ಮೇಲಿನ ರೇವುಪಟ್ಟಣ. ಹತ್ತಿಯ ರಫ್ತಿನಿಂದ ಶ್ರೀಮಂತವಾಗಿದ್ದ ಈ ಊರಿನಲ್ಲಿ ೧೯೦೦ರಲ್ಲಿ ಸುಮಾರು ೩೮,೦೦೦ ಜನರಿದ್ದರು. ಆ ವರ್ಷದ ಸೆಪ್ಟೆಂಬರ್ ೮ರಂದು ಬೀಸಿದ ಚಂಡಮಾರುತ ಸಮುದ್ರವನ್ನೇ ಊರಿನ ಮೇಲೆ ನುಗ್ಗಿಸಿತು. ಒಂದು ರಾತ್ರಿಯಲ್ಲಿ ಸತ್ತವರು ಕಡಮೆಯೆಂದರೂ ೬,೦೦೦. ೮,೦೦೦ ಎಂದು ಹೇಳುವವರೂ ಉಂಟು. ಅಮೆರಿಕಾದ ಚರಿತ್ರೆಯಲ್ಲಿ ಪ್ರಕೃತಿಯ ಕೋಪದಿಂದ ಇಷ್ಟು ಜನ ಒಮ್ಮೆಗೇ ಅಳಿದ ಸಂದರ್ಭ ಮತ್ತೊಂದಿಲ್ಲ. ಪುರಸಭೆಯ ಬೊಕ್ಕಸ ಅದಕ್ಕೆ ಮೊದಲೇ ಬರಿದಾಗಿತ್ತು. ಸದಸ್ಯರಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಸ್ಥಿತಿ.

ಆಗ ಮುಂದೆ ಬಂದವರು ಡೀಪ್ ವಾಟರ್ ಕಮಿಟಿ ಎಂಬ ಗುಂಪಿನವರು. ಊರಿನ ಬ್ಯಾಂಕುಗಳ, ರೇವಿನ, ಹತ್ತಿ ವ್ಯಾಪಾರದ ಮುಖ್ಯಸ್ಥರು ಬಂದರನ್ನು ಆಳಮಾಡಿಸುವ ಸಲುವಾಗಿ ಹಿಂದೆಯೇ ಕಟ್ಟಿಕೊಂಡಿದ್ದ ಸಮಿತಿ ಅದು. ಅವರು ವಾರ್ಡುಗಳ ಪುರಸಭೆಯನ್ನು ತೆಗೆದುಹಾಕಿ ಐವರು ಕಮಿಷನರುಗಳ ಕೈಗೆ ಊರನ್ನು ಕೊಡಬೇಕೆಂದು ಸಂಸ್ಥಾನದ ಶಾಸನಸಭೆಯನ್ನು ಕೇಳಿದರು; ೧೯೦೧ರಲ್ಲಿ ಶಾಸನವಾಯಿತು. ಒಬ್ಬನು ಅಧ್ಯಕ್ಷ; ಉಳಿದ ನಾಲ್ವರು ಹಣಕಾಸು, ನೀರು ಮತ್ತು ಚರಂಡಿ, ಬೀದಿಗಳು, ಪೊಲೀಸು ಮತ್ತು ಅಗ್ನಿಶಾಮಕ ದಳ, ಹೀಗೆ ಒಂದೊಂದು ಇಲಾಖೆಗೆ ಹೊಣೆ. ಒಂದು ಕಂಪೆನಿಗೆ ಡೈರೆಕ್ಟರುಗಳ ಮಂಡಲಿ ಹೇಗೋ ಊರಿಗೆ ಈ ಐವರು ಹಾಗೆ. ಮೊದಲು ಇವರಲ್ಲಿ ಮೂವರನ್ನು ಗವರ್ನರನು ನೇಮಿಸುತ್ತಿದ್ದನು. ನ್ಯಾಯಾಲಯವು ಅದು ಸಲ್ಲದೆಂದು ಹೇಳಿದ ಮೇಲೆ, ೧೯೦೩ರಿಂದ ಐವರೂ ಚುನಾಯಿತರಾದರು. ಆಮೇಲೆಯೂ ಬಹುಕಾಲ ಗೆಲ್ಲುತ್ತ ಬಂದವರು ವರ್ತಕರ ಬೆಂಬಲವಿದ್ದವರೇ.

ಅವರು ಮಾಡಿದ ಕೆಲಸವನ್ನು ಹೊಗಳದಿರುವುದು ಅನ್ಯಾಯವಾದೀತು. ೧೯೦೨ರಲ್ಲಿ ಆರಂಭವಾದ ೧೭ ಅಡಿ ಎತ್ತರದ ಸಮುದ್ರದ ತಡೆಗೋಡೆಯ ಮೊದಲ ಭಾಗ ೧೯೦೪ರಲ್ಲಿ ಮುಗಿಯಿತು. ಅದರ ಹಿಂದೆ ಊರಿನ ನೆಲವನ್ನೇ ಮೇಲೆತ್ತಿದರು; ಮನೆಗಳನ್ನೂ ದೇವಾಲಯಗಳನ್ನೂ ಜಾಕಿಗಳಿಂದ ಎತ್ತಿ ನಿಲ್ಲಿಸಿ ಅಡಿಯಲ್ಲಿ ಸಮುದ್ರದ ಮರಳನ್ನು ತುಂಬಿದರು. ೧೯೧೫ರಲ್ಲಿ ಮತ್ತೊಂದು ಮಹಾಚಂಡಮಾರುತ ಬಂದಾಗ ಗೋಡೆ ನಿಂತಿತು, ಊರು ಉಳಿಯಿತು. ಆದರೆ ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ವಾರ್ಡುಗಳ ಕಾಲದಲ್ಲಿ, ೧೮೮೩ರಲ್ಲಿ, ನಾರಿಸ್ ರೈಟ್ ಕ್ಯೂನಿ ಎಂಬ ನೀಗ್ರೋ ಮುಖಂಡನು ಅದೇ ಪುರಸಭೆಯ ಸದಸ್ಯನಾಗಿದ್ದನು. ಗುಲಾಮಳಾಗಿದ್ದ ತಾಯಿಯ ಮಗ. ಹಡಗುಕಟ್ಟೆಯ ಕೂಲಿಗಳನ್ನು ಸಂಘಟಿಸಿದವನು. ಐದು ಸ್ಥಾನಗಳಿಗೂ ಇಡೀ ಊರೇ ಮತ ಕೊಡುವ ಹೊಸ ಏರ್ಪಾಟಿನಲ್ಲಿ ಅಂಥವನೊಬ್ಬನು ಒಳಗೆ ಬರುವ ಬಾಗಿಲು ಉಳಿಯಲಿಲ್ಲ. ಗೋಡೆ ಸಮುದ್ರವನ್ನು ತಡೆಯಿತು. ಚುನಾವಣೆಯ ಕ್ರಮ ಬಡಬೀದಿಗಳವರನ್ನು ತಡೆಯಿತು.

ಗ್ಯಾಲ್ವೆಸ್ಟನ್ನಿನ ಮಾದರಿ ಬೇಗನೆ ಹರಡಿತು. ಹನ್ನೆರಡು ವರ್ಷಗಳ ತರುವಾಯ ಅದಕ್ಕಿಂತ ಹೆಚ್ಚು ಬಾಳಿಕೆಯ ಮತ್ತೊಂದು ಮಾದರಿ ಓಹಾಯೋ ಸಂಸ್ಥಾನದ ಡೇಟನ್ ಪಟ್ಟಣದಿಂದ ಪ್ರಸಿದ್ಧಿಗೆ ಬಂದಿತು. ಅಂಗಡಿಗಳಲ್ಲಿ ಹಣವೆಣಿಸುವ ಯಂತ್ರಗಳನ್ನು ತಯಾರಿಸುತ್ತಿದ್ದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿ ಅಲ್ಲಿಯದು. ಅದರ ಧಣಿ ಜಾನ್ ಪ್ಯಾಟರ್ಸನ್ ೧೮೯೬ರಿಂದಲೇ ಒಂದು ವಾದವನ್ನು ಸಾರುತ್ತಿದ್ದನು: ನಗರವೆಂಬುದು ಒಂದು ದೊಡ್ಡ ವ್ಯಾಪಾರ, ಪೌರರು ಅದರ ಷೇರುದಾರರು, ಆದುದರಿಂದ ಅದನ್ನು ಪಕ್ಷದವರಲ್ಲ, ವ್ಯವಹಾರ ಬಲ್ಲವರು ನಡೆಸಬೇಕು. ಬಹುಕಾಲ ಯಾರೂ ಕಿವಿಗೊಡಲಿಲ್ಲ. ೧೯೧೩ರ ಮಾರ್ಚಿಯಲ್ಲಿ ಮಹಾಪೂರ ಬಂದು ಆ ಕಣಿವೆಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಪ್ಯಾಟರ್ಸನ್ ತನ್ನ ಕಾರ್ಖಾನೆಯಲ್ಲಿ ದೋಣಿಗಳನ್ನು ಮಾಡಿಸಿ ಜನರನ್ನು ಮೇಲಕ್ಕೆ ತೆಗೆಯಿಸಿದನು. ಸಾವಿರಾರು ಜನರಿಗೆ ಅಲ್ಲಿಯೇ ಊಟವಸತಿಗಳನ್ನು ಏರ್ಪಡಿಸಿದನು. ವ್ಯಾಪಾರದಲ್ಲಿ ಎದುರಾಳಿಗಳನ್ನು ಅಕ್ರಮವಾಗಿ ಹತ್ತಿಕ್ಕಿದನೆಂದು ಅದೇ ವರ್ಷದ ಫೆಬ್ರವರಿಯಲ್ಲಿ ಇವನಿಗೆ ಒಂದು ವರ್ಷದ ಸಜೆ ವಿಧಿಸಲಾಗಿತ್ತು. ೧೯೧೫ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಅಪರಾಧಿಯೆನಿಸಿದವನು ಕೆಲವೇ ವಾರಗಳಲ್ಲಿ ಊರಿನ ಆಪದ್ಬಾಂಧವನಾದನು.

ಪ್ರವಾಹ ಇಳಿದ ಮೇಲೆ, ಆ ವರ್ಷವೇ ಹೊಸ ಸನದು ಮಂಜೂರಾಯಿತು. ಐವರು ಕಮಿಷನರುಗಳನ್ನು ಇಡೀ ಊರು ಆರಿಸುವುದು. ಅವರು ಸಂಬಳದ ಮೇಲೆ ಒಬ್ಬ ನಿಪುಣ ಮ್ಯಾನೇಜರನನ್ನು ನೇಮಿಸುವುದು. ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ. ನವೆಂಬರಿನ ಚುನಾವಣೆಯಲ್ಲಿ ಸುಧಾರಕರು ಸೂಚಿಸಿದ ಐವರೂ ಗೆದ್ದರು. ಹೆನ್ರಿ ವೇಟ್ ಎಂಬ ಎಂಜಿನಿಯರು ೧೯೧೪ರಲ್ಲಿ ಮ್ಯಾನೇಜರನಾದನು. ಆಡಳಿತದಲ್ಲಿ ದಕ್ಷತೆ ಹೆಚ್ಚಿತು. ಆದರೆ ಆ ಊರಿನಲ್ಲಿ ಕೂಲಿಕಾರರ ಬೆಂಬಲ ಪಡೆದ ಸಮಾಜವಾದಿ ಪಕ್ಷವೊಂದಿತ್ತು. ವಾರ್ಡುಗಳ ಕಾಲದಲ್ಲಿ ಅದು ಇದಕ್ಕಿಂತ ಕಡಮೆ ಮತಗಳಿಂದಲೇ ಕೆಲವು ಸ್ಥಾನಗಳನ್ನು ಪಡೆದಿತ್ತು. ೧೯೧೭ರಲ್ಲಿ ಅದಕ್ಕೆ ನೂರಕ್ಕೆ ೪೪ ಮತಗಳು ಬಂದುವು. ಸ್ಥಾನ ಮಾತ್ರ ಒಂದೂ ಬರಲಿಲ್ಲ.

ಇದು ಹೇಗೆ ಸಾಧ್ಯವೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಮ್ಮ ವಿಷಯದ ಗುಟ್ಟೆಲ್ಲ ಇಲ್ಲಿದೆ. ಒಂದು ಊರಿನಲ್ಲಿ ನೂರು ಮಂದಿ ಮತದಾರರಿದ್ದಾರೆ, ಒಂಬತ್ತು ಸ್ಥಾನಗಳಿವೆ ಎಂದಿಟ್ಟುಕೊಳ್ಳಿ. ಊರನ್ನು ಒಂಬತ್ತು ವಾರ್ಡುಗಳಾಗಿ ವಿಭಾಗಿಸಿದರೆ ಕೋಟೆಯವರು ತಮಗೆ ಬೇಕಾದವನನ್ನು, ಪೇಟೆಯವರು ತಮಗೆ ಬೇಕಾದವನನ್ನು, ಕೇರಿಯವರು ತಮ್ಮವನನ್ನು ಆರಿಸಿಕೊಳ್ಳುತ್ತಾರೆ. ವಾರ್ಡುಗಳಿಲ್ಲದೆ ನೂರು ಮಂದಿಯೂ ಒಂಬತ್ತು ಸ್ಥಾನಗಳಿಗೂ ಮತ ಕೊಡುವುದಾದರೆ, ಒಗ್ಗಟ್ಟಾಗಿರುವ ೫೫ ಮಂದಿ ಒಂಬತ್ತನ್ನೂ ಪಡೆಯುತ್ತಾರೆ; ಉಳಿದ ೪೫ ಮಂದಿಗೆ ಒಂದೂ ಇಲ್ಲ. ಇಡೀ ಊರಿಗೆ ಪ್ರಚಾರ ಮಾಡಲು ಹಣ ಬೇಕು. ಅದು ಒಬ್ಬ ಮೇಸ್ತ್ರಿಗೋ ಉಪಾಧ್ಯಾಯನಿಗೋ ಸಾಧ್ಯವಲ್ಲ. ಮತಪತ್ರದಲ್ಲಿ ಪಕ್ಷದ ಹೆಸರೂ ಇಲ್ಲದಿದ್ದಾಗ, ಅಪರಿಚಿತವಾದ ಹತ್ತಿಪ್ಪತ್ತು ಹೆಸರುಗಳ ಎದುರು ನಿಂತ ಮತದಾರನು ಏನನ್ನು ಆಧರಿಸಬೇಕು? ಬೆಳಗಿನ ಪತ್ರಿಕೆಯಲ್ಲಿ ಬಂದ ಪಟ್ಟಿಯನ್ನು. ಹೀಗೆ ಪಟ್ಟಿಯ ಬಲವು ಅದನ್ನು ಬರೆದವರ ಜಾಣ್ಮೆಯಿಂದ ಮಾತ್ರ ಬಂದುದಲ್ಲ. ಬೇರೆಯವರು ಬೇರೆ ಪಟ್ಟಿ ಮಾಡಲಾರದ ಏರ್ಪಾಟಿನಿಂದ ಬಂದುದು.

ಈ ಏರ್ಪಾಟು ಪೂರ್ಣವಾಗಿ ಬೆಳೆದು, ಪೂರ್ಣವಾಗಿ ಮುರಿದುಬಿದ್ದುದನ್ನು ನೋಡಬೇಕಾದರೆ ಮತ್ತೆ ಟೆಕ್ಸಸಿಗೆ, ಸ್ಯಾನ್ ಆಂಟೋನಿಯೋ ನಗರಕ್ಕೆ ಹೋಗಬೇಕು. ಸ್ಪೇನಿನವರು ೧೭೧೮ರಲ್ಲಿ ಸ್ಥಾಪಿಸಿದ ಈ ಊರು ಒಂದು ಕಾಲಕ್ಕೆ ಮೆಕ್ಸಿಕೋ ದೇಶಕ್ಕೆ ಸೇರಿದ್ದಿತು. ಮೆಕ್ಸಿಕನ್ ವಂಶದವರು ಹೆಚ್ಚಾಗಿ ಊರಿನ ಪಶ್ಚಿಮ ಭಾಗದಲ್ಲಿ ಹಳ್ಳಗಳ ಬದಿಯಲ್ಲಿ ನೆಲಸಿದರು. ಇಂಗ್ಲಿಷ್ ಮಾತಾಡುವ ಸಂಪನ್ನರು ಉತ್ತರದ ಎತ್ತರದಲ್ಲಿ. ೧೯೨೧ರ ಸೆಪ್ಟೆಂಬರಿನಲ್ಲಿ ಬಂದ ಪ್ರವಾಹದಲ್ಲಿ ಕನಿಷ್ಠ ೫೦ ಮಂದಿ ಸತ್ತರು. ಬಹುಪಾಲು ಪಶ್ಚಿಮದ ಹಳ್ಳಗಳ ಬದಿಯವರು. ಅನಂತರ ನಗರವು ಆಲ್ಮೋಸ್ ಅಣೆಕಟ್ಟನ್ನು ಕಟ್ಟಿತು. ಅದು ರಕ್ಷಿಸಿದ್ದು ಊರ ನಡುವಿನ ಅಂಗಡಿಬೀದಿಗಳನ್ನು. ಸತ್ತವರ ಬಡಾವಣೆಗೆ ಅದರಿಂದ ರಕ್ಷಣೆ ದೊರೆಯಲಿಲ್ಲ. ಆ ಹಳ್ಳಗಳು ಬೇರೆ ಕಡೆಯಿಂದ ಹರಿದು ಬರುತ್ತಿದ್ದುವು.

೧೯೫೧ರಲ್ಲಿ ಸ್ಯಾನ್ ಆಂಟೋನಿಯೋ ಮ್ಯಾನೇಜರ್ ಪದ್ಧತಿಯ ಸನದನ್ನು ಅಂಗೀಕರಿಸಿತು: ಒಂಬತ್ತು ಮಂದಿ ಸದಸ್ಯರು, ಇಡೀ ಊರಿನಿಂದ ಆಯ್ಕೆ, ಪಕ್ಷಗಳ ಹೆಸರಿಲ್ಲ. ಮೊದಲ ಕೆಲವು ವರ್ಷ ಗುಂಪುಗಾರಿಕೆಯಲ್ಲಿ ಕಳೆದವು. ಅದಕ್ಕೆ ಬೇಸತ್ತ ವರ್ತಕರೂ ವಕೀಲರೂ ಸೇರಿ ಗುಡ್ ಗವರ್ನಮೆಂಟ್ ಲೀಗ್, ಎಂದರೆ ಸುಶಾಸನ ಸಂಘ, ಎಂಬುದನ್ನು ಕಟ್ಟಿದರು. ೧೯೫೫ರಿಂದ ೧೯೭೧ರವರೆಗೆ ಒಂಬತ್ತು ಚುನಾವಣೆಗಳು ನಡೆದುವು. ಒಟ್ಟು ೮೧ ಸ್ಥಾನಗಳು. ಅವುಗಳಲ್ಲಿ ೭೭ನ್ನು ಸಂಘದ ಪಟ್ಟಿಯವರು ಗೆದ್ದರು. ಉಮೇದುವಾರರನ್ನು ಆರಿಸುತ್ತಿದ್ದ ಉಪಸಮಿತಿಯಲ್ಲಿ ಯಾರು ಯಾರಿದ್ದರೆಂಬುದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಪಟ್ಟಿ ಬಹಿರಂಗ, ಪಟ್ಟಿ ಮಾಡಿದವರು ಗುಪ್ತ. ಆ ಕಾರಣದಿಂದ ಮೊದಲು ಹೇಳಿದ ಎರಡು ಮಾರ್ಗಗಳೂ ಇಲ್ಲಿ ಒಂದಾದುವು.

ಈ ಗೆಲುವಿಗೆ ಒತ್ತಾಸೆಯಾಗಿ ಇನ್ನೆರಡು ಸಂಗತಿಗಳಿದ್ದುವು. ಟೆಕ್ಸಸಿನಲ್ಲಿ ಮತ ಹಾಕಬೇಕಾದರೆ ವರ್ಷಕ್ಕೆ ಒಂದೂವರೆ ಡಾಲರಿನಷ್ಟು ತಲೆತೆರಿಗೆಯನ್ನು ಮುಂಚಿತವಾಗಿ ಕಟ್ಟಬೇಕಾಗಿತ್ತು. ಸ್ಥಳೀಯ ಚುನಾವಣೆಗಳಲ್ಲಿ ಈ ಕಟ್ಟುಪಾಡು ೧೯೬೬ರವರೆಗೂ ಉಳಿದಿತ್ತು. ದಿನಗೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ. ಎರಡನೆಯದು ಸಂಬಳದ ವಿಷಯ. ಪುರಸಭಾ ಸದಸ್ಯನಿಗೆ ಒಂದು ಸಭೆಗೆ ೨೦ ಡಾಲರು ಮಾತ್ರ ಎಂದು ಸನದು ವಿಧಿಸಿತ್ತು. ಲೋಕಸೇವೆಗೆ ಸಂಬಳವೇಕೆ ಎಂಬುದು ಉದಾತ್ತವಾದ ಮಾತು. ಆದರೆ ಆ ಉದಾತ್ತತೆ ಯಾರಿಗೆ ಎಟಕುತ್ತದೆ? ಬೇರೆ ಆದಾಯವುಳ್ಳವನಿಗೆ, ವಾರದ ಕೂಲಿಯನ್ನು ಬಿಟ್ಟು ಸಭೆಗೆ ಬರಬೇಕಾದವನಿಗಲ್ಲ. ಆ ೨೦ ಡಾಲರಿನ ನಿಯಮವನ್ನು ಆ ನಗರದ ಮತದಾರರು ಬದಲಾಯಿಸಿದ್ದು ೨೦೧೫ರಲ್ಲಿ.

ಸಂಘದ ಕಾಲದಲ್ಲಿ ನಗರವು ಬೆಳೆದುದು ನಿಜ. ೧೯೬೮ರಲ್ಲಿ ಹೆಮಿಸ್‌ಫೇರ್ ಎಂಬ ಜಾಗತಿಕ ವಸ್ತುಪ್ರದರ್ಶನ ಅಲ್ಲಿ ನಡೆಯಿತು. ವೈದ್ಯಕೀಯ ಕಾಲೇಜು ಬಂದಿತು, ೧೯೬೯ರಲ್ಲಿ ವಿಶ್ವವಿದ್ಯಾನಿಲಯದ ಸ್ಥಾಪನೆಯಾಯಿತು. ಪುರಸಭೆಯ ಕೆಲಸಗಳು ಲಂಚದ ಮಾತಿಗೆ ಕಡಮೆ ಎಡೆಗೊಟ್ಟು ನಡೆದುವು. ಸಂಘವು ತನ್ನ ಪಟ್ಟಿಯಲ್ಲಿ ಮೆಕ್ಸಿಕನ್ ವಂಶದ ಒಬ್ಬಿಬ್ಬರನ್ನು ಸೇರಿಸಿಕೊಳ್ಳುತ್ತಲೂ ಇತ್ತು. ಆದರೆ ಅವರನ್ನು ಆರಿಸಿದವರು ಅವರ ಬಡಾವಣೆಯವರಲ್ಲ, ಸಂಘದವರು. ವಸ್ತುಪ್ರದರ್ಶನಕ್ಕೆ ಜಾಗ ಮಾಡಲು ಹಳೆಯ ಕೇರಿಯೊಂದನ್ನು ಖಾಲಿಮಾಡಿಸಿದರು. ಹೊಸ ವಿದ್ಯಾಸಂಸ್ಥೆಗಳು ಎದ್ದುದು ಊರು ಹಬ್ಬುತ್ತಿದ್ದ ಉತ್ತರದ ಕಡೆಯಲ್ಲಿ. ಪಶ್ಚಿಮದ ಬೀದಿಗಳಲ್ಲಿ ಮಾತ್ರ ಮಳೆ ಬಂದಾಗಲೆಲ್ಲ ನೀರು ಮನೆಗಳಿಗೆ ನುಗ್ಗುತ್ತಲೇ ಇತ್ತು. ಇದು ದ್ವೇಷದಿಂದ ಆದುದೆಂದು ಹೇಳಬೇಕಾಗಿಲ್ಲ. ತನ್ನ ಮನೆಯೊಳಕ್ಕೆ ನೀರು ಬಾರದವನಿಗೆ ಚರಂಡಿ ಹಲವು ಕೆಲಸಗಳಲ್ಲಿ ಒಂದು. ಬರುವವನಿಗೆ ಅದೇ ಮೊದಲನೆಯದು. ಕೆಲಸಗಳಿಗೆ ಕ್ರಮಾಂಕ ಕೊಡುವ ಕೋಣೆಯಲ್ಲಿ ಎರಡನೆಯವನು ಇರಲಿಲ್ಲ, ಅಷ್ಟೆ.

೧೯೭೩ರಲ್ಲಿ ಸಂಘದೊಳಗೇ ಬಿರುಕು ಕಾಣಿಸಿಕೊಂಡಿತು. ಚಾರ್ಲ್ಸ್ ಬೆಕರ್ ಎಂಬ ದಿನಸಿ ಅಂಗಡಿಗಳ ಧಣಿ, ತಾನೇ ವರ್ತಕನಾದರೂ, ಸಂಘದಿಂದ ಸಿಡಿದು ನಿಂತು ಪುರಾಧ್ಯಕ್ಷನಾಗಿ ಗೆದ್ದನು. ೧೯೭೪ರಲ್ಲಿ ಪಶ್ಚಿಮ ಭಾಗದ ಕ್ಯಾಥೊಲಿಕ್ ಇಗರ್ಜಿಗಳ ಜನರು ಅರ್ನೆಸ್ಟೋ ಕೋರ್ಟೆಸ್ ಎಂಬ ಕಾರ್ಯಕರ್ತನ ನೆರವಿನಿಂದ ತಮ್ಮದೇ ಸಂಘವೊಂದನ್ನು ಕಟ್ಟಿಕೊಂಡರು. ಅದರ ಹೆಸರಿನ ಮೊದಲಕ್ಷರಗಳು ಸೇರಿ ಕಾಪ್ಸ್ ಎಂದಾಗುತ್ತದೆ. ಆ ವರ್ಷ ಭಾರಿ ಮಳೆ ಬಂದು ಮನೆಗಳಿಗೆ ನೀರು ನುಗ್ಗಿದಾಗ, ಅವರು ಪುರಸಭೆಯ ಹಳೆಯ ಕಾಗದಗಳನ್ನು ತಾವೇ ಓದಿಕೊಂಡು ಬಂದು ಪ್ರಶ್ನಿಸಿದರು. ತಮ್ಮ ಬಡಾವಣೆಯ ಚರಂಡಿಯ ಯೋಜನೆಯೊಂದು ೧೯೪೫ರಿಂದಲೂ ಕಡತದಲ್ಲಿಯೇ ಕುಳಿತಿದೆಯಲ್ಲ, ಏಕೆ? ಇಪ್ಪತ್ತೊಂಬತ್ತು ವರ್ಷಗಳ ಆ ಮೌನಕ್ಕೆ ಉತ್ತರವಿರಲಿಲ್ಲ. ಬೆಕರ್ ಅದನ್ನು ಒಪ್ಪಿಕೊಂಡು ಕೂಡಲೇ ಯೋಜನೆ ಸಿದ್ಧಪಡಿಸುವಂತೆ ಮ್ಯಾನೇಜರನಿಗೆ ಹೇಳಬೇಕಾಯಿತು. ಆ ನವೆಂಬರಿನಲ್ಲಿಯೇ ಚರಂಡಿಗಳಿಗಾಗಿ ಸಾಲವೆತ್ತಲು ಮತದಾರರು ಒಪ್ಪಿಗೆ ಕೊಟ್ಟರು.

ಮುಂದಿನದು ಬೇಗ ಬೇಗ ನಡೆಯಿತು. ೧೯೭೫ರಲ್ಲಿ ಸಂಯುಕ್ತ ಸರ್ಕಾರದ ಮತಾಧಿಕಾರ ಸಂರಕ್ಷಣೆಯ ಶಾಸನ ಟೆಕ್ಸಸಿಗೂ ಅನ್ವಯಿಸಿತು. ೧೯೭೬ರಲ್ಲಿ, ನಗರವು ಸುತ್ತಣ ಪ್ರದೇಶಗಳನ್ನು ಸೇರಿಸಿಕೊಂಡು ಮೆಕ್ಸಿಕನ್ ವಂಶದವರ ಮತಬಲವನ್ನು ತಗ್ಗಿಸಿದೆ ಎಂದು ನ್ಯಾಯಾಂಗದ ಇಲಾಖೆ ಆಕ್ಷೇಪಿಸಿತು. ಅದೇ ವರ್ಷ ಸುಶಾಸನ ಸಂಘ ತನ್ನ ಬಾಗಿಲು ಮುಚ್ಚಿತು. ೧೯೭೭ರ ಜನವರಿಯಲ್ಲಿ ಮತದಾರರು ಅಲ್ಪ ಅಂತರದಿಂದ ಹೊಸ ಕ್ರಮವನ್ನು ಒಪ್ಪಿದರು: ಹತ್ತು ಮಂದಿ ಸದಸ್ಯರು ಹತ್ತು ವಿಭಾಗಗಳಿಂದ, ಅಧ್ಯಕ್ಷನೊಬ್ಬನು ಮಾತ್ರ ಇಡೀ ಊರಿನಿಂದ. ಆ ವರ್ಷದ ಪುರಸಭೆಯಲ್ಲಿ ಮೆಕ್ಸಿಕನ್ ಮತ್ತು ನೀಗ್ರೋ ವಂಶದವರು ಕೂಡಿ ಬಹುಮತವಾದರು.

ಒಂದು ಸ್ವಾರಸ್ಯವುಂಟು. ಸುಶಾಸನ ಸಂಘ ೧೯೭೫ರ ತನ್ನ ಕೊನೆಯ ಪಟ್ಟಿಯಲ್ಲಿ ಹೆನ್ರಿ ಸಿಸ್ನೆರೋಸ್ ಎಂಬ ೨೭ ವರ್ಷದ ಯುವಕನ ಹೆಸರನ್ನು ಸೇರಿಸಿತ್ತು. ಅವನು ಗೆದ್ದನು. ೧೯೮೧ರಲ್ಲಿ ಪುರಾಧ್ಯಕ್ಷನಾದನು, ೧೮೪೦ರ ದಶಕದ ಮೇಲೆ ಆ ಪೀಠವೇರಿದ ಮೊದಲ ಮೆಕ್ಸಿಕನ್ ವಂಶದವನು ಅವನೇ. ವರ್ತಕರ ಕಣ್ಣಿಗೆ ಯೋಗ್ಯತೆ ಕಾಣುವುದೇ ಇಲ್ಲವೆಂದು ಯಾರೂ ಹೇಳುವಂತಿಲ್ಲ.

ಅದೇ ಸಂಸ್ಥಾನದ ಡಲ್ಲಾಸ್ ನಗರದಲ್ಲಿಯೂ ಬಹುಮಟ್ಟಿಗೆ ಇದೇ ಕಥೆ. ಅಲ್ಲಿ ೧೯೩೭ರಲ್ಲಿ ಆರ್. ಎಲ್. ಥಾರ್ನ್‌ಟನ್ ಎಂಬ ಬ್ಯಾಂಕಿನ ಧಣಿ ಸಿಟಿಜನ್ಸ್ ಕೌನ್ಸಿಲ್ ಎಂಬ ಕೂಟವನ್ನು ಸ್ಥಾಪಿಸಿದನು. ತಮ್ಮ ಕಂಪೆನಿಯ ಹಣದ ವಿಷಯದಲ್ಲಿ ಯಾರನ್ನೂ ಕೇಳದೆ ಹೌದು ಅಥವಾ ಇಲ್ಲ ಎನ್ನಬಲ್ಲ ಮುಖ್ಯಸ್ಥರಿಗೆ ಮಾತ್ರ ಅಲ್ಲಿ ಪ್ರವೇಶ. ಚುನಾವಣೆಯ ಕೆಲಸಕ್ಕೆ ಇದರ ಜೊತೆಯ ಬೇರೊಂದು ಸಂಘ ಪಟ್ಟಿ ಮಾಡುತ್ತಿತ್ತು. ಥಾರ್ನ್‌ಟನ್ ತಾನೇ ೧೯೫೩ರಿಂದ ೧೯೬೧ರವರೆಗೆ ಪುರಾಧ್ಯಕ್ಷನಾಗಿದ್ದನು. ವರ್ಣಭೇದವನ್ನು ತೊಡೆಯುವ ಸಂದರ್ಭದಲ್ಲಿ, ೧೯೬೧ರಲ್ಲಿ, ಬೇರೆ ಊರುಗಳಲ್ಲಿ ಗಲಭೆಗಳಾದಾಗ ಡಲ್ಲಾಸಿನಲ್ಲಿ ಶಾಂತಿ ಉಳಿದದ್ದು ಈ ಕೂಟದ ಏರ್ಪಾಟಿನಿಂದ; ಇದು ಅವರ ಪುಣ್ಯದ ಲೆಕ್ಕಕ್ಕೆ ಸೇರಬೇಕು. ಆದರೆ ೧೯೭೧ರಲ್ಲಿ ವೆಸ್ ವೈಸ್ ಎಂಬ ಕ್ರೀಡಾವಾರ್ತೆಯ ಪ್ರಸಾರಕನು ಅವರ ಉಮೇದುವಾರನನ್ನು ಸೋಲಿಸಿ ಅಧ್ಯಕ್ಷನಾದನು. ೧೯೭೫ರಲ್ಲಿ ನ್ಯಾಯಾಲಯವು ಇಡೀ ಊರಿನ ಚುನಾವಣೆಯ ಕ್ರಮವನ್ನು ರಾಜ್ಯಾಂಗಕ್ಕೆ ವಿರುದ್ಧವೆಂದಿತು. ೧೯೯೧ರಲ್ಲಿ ಹದಿನಾಲ್ಕು ವಿಭಾಗಗಳ ಏರ್ಪಾಟು ಜಾರಿಗೆ ಬಂದಿತು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎಂಬ ನಮ್ಮ ಗಾದೆಯನ್ನು ಆ ವರ್ತಕರು ಕೇಳಿದ್ದರೆ ಮೆಚ್ಚಿಕೊಳ್ಳುತ್ತಿದ್ದರೇನೋ. ಆದರೆ ಊರು ಉಪಕಾರವನ್ನು ಮರೆತದ್ದಲ್ಲ. ಉಪಕಾರಿಯನ್ನು ಆರಿಸುವ ಹಕ್ಕು ತನಗಿರಲಿ ಎಂದು ಕೇಳಿತು.

ಈ ಚರಿತ್ರೆಯಿಂದ ತಿಳಿಯುವುದೇನು? ವರ್ತಕರು ಉಮೇದುವಾರರನ್ನು ಸೂಚಿಸುವುದು ತಪ್ಪು ಎಂದಲ್ಲ. ಕೂಲಿಕಾರರ ಸಂಘ, ಉಪಾಧ್ಯಾಯರ ಸಂಘ, ಇಗರ್ಜಿ, ಪತ್ರಿಕೆ, ಇವುಗಳಿಗೆ ತಮ್ಮ ಮೆಚ್ಚಿಗೆಯವರ ಹೆಸರು ಹೇಳುವ ಸ್ವಾತಂತ್ರ್ಯವಿರುವಾಗ ಅದು ವರ್ತಕರಿಗೂ ಇರತಕ್ಕದ್ದೇ. ಊರಿನಲ್ಲಿ ಬಂಡವಾಳ ಹೂಡಿದವನಿಗೆ ಊರಿನ ಯೋಗಕ್ಷೇಮದಲ್ಲಿ ಆಸಕ್ತಿ ಉಂಟು. ಲೆಕ್ಕಪತ್ರದ ಶಿಸ್ತು ಅವನಿಗೆ ಗೊತ್ತು. ಇಂದಿಗೂ ಅಮೆರಿಕಾದ ಅನೇಕ ನಗರಗಳ ವಾಣಿಜ್ಯ ಮಂಡಲಿಗಳು ಪುರಸಭೆಗೂ ಸಂಸ್ಥಾನದ ಶಾಸನಸಭೆಗೂ ನಿಂತವರನ್ನು ಸಂದರ್ಶಿಸಿ ತಮ್ಮ ಪಟ್ಟಿಯನ್ನು ಪ್ರಕಟಿಸುತ್ತವೆ. ಈಗ ಅದು ಹಲವು ಪಟ್ಟಿಗಳಲ್ಲಿ ಒಂದು. ಮತದಾರನು ಒಂದನ್ನು ಮತ್ತೊಂದರೊಡನೆ ಒರೆಹಚ್ಚಿ ನೋಡಬಹುದು.

ತಪ್ಪು ಇದ್ದದ್ದು ಪ್ಯಾಟರ್ಸನ್ನನ ಉಪಮಾನದಲ್ಲಿ. ನಗರ ಒಂದು ಕಂಪೆನಿ, ಪೌರರು ಷೇರುದಾರರು ಎಂಬ ಮಾತು ಕಿವಿಗೆ ಹಿತ. ಆದರೆ ಕಂಪೆನಿಯಲ್ಲಿ ಹೆಚ್ಚು ಷೇರುಳ್ಳವನಿಗೆ ಹೆಚ್ಚು ಮತ. ಮನಸ್ಸಿಗೆ ಒಪ್ಪದಿದ್ದರೆ ಷೇರನ್ನು ಮಾರಿ ಹೊರಟುಹೋಗಬಹುದು. ಹಳ್ಳದ ಬದಿಯ ಗುಡಿಸಲಿನವನು ತನ್ನ ಪೌರತ್ವವನ್ನು ಯಾರಿಗೆ ಮಾರಿಯಾನು? ಕಂಪೆನಿಗೆ ಲಾಭವೆಂಬ ಒಂದೇ ಗುರಿ. ಅದು ಬಂತೆ ಇಲ್ಲವೆ ಎಂದು ನೋಡಲು ಜಮಾಖರ್ಚಿನ ಪುಸ್ತಕ ಸಾಕು. ನಗರಕ್ಕೆ ಗುರಿಗಳು ಹಲವು. ಅಣೆಕಟ್ಟು ಮೊದಲೋ ಚರಂಡಿ ಮೊದಲೋ ಎಂಬ ಪ್ರಶ್ನೆಗೆ ಲೆಕ್ಕದ ಪುಸ್ತಕದಲ್ಲಿ ಉತ್ತರವಿಲ್ಲ. ಅದಕ್ಕೆ ಎರಡು ಕಡೆಯವರೂ ಒಂದೇ ಸಭೆಯಲ್ಲಿ ಕುಳಿತು ವಾದಿಸಬೇಕು.

ನಮ್ಮ ದೇಶ ಈ ವಿಷಯದಲ್ಲಿ ಬೇರೆ ದಾರಿಯಿಂದ ಬಂದು ಅದೇ ನಿರ್ಣಯವನ್ನು ಮುಟ್ಟಿದೆ. ೧೯೫೦ರ ಸಂವಿಧಾನದಲ್ಲಿ ವರ್ತಕ ಮಂಡಲಿಗಳಿಗೆ ಮೀಸಲಾದ ಸ್ಥಾನಗಳು ಉಳಿಯಲಿಲ್ಲ. ೧೯೯೨ರ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ಪುರಸಭೆಗಳ ಸ್ಥಾನಗಳನ್ನು ವಾರ್ಡುಗಳಿಂದ ನೇರವಾದ ಚುನಾವಣೆಯ ಮೂಲಕ ತುಂಬತಕ್ಕದ್ದೆಂದು ವಿಧಿಸಿತು. ಪರಿಶಿಷ್ಟರಿಗೆ ಅವರ ಜನಸಂಖ್ಯೆಗೆ ತಕ್ಕಂತೆಯೂ, ಸ್ತ್ರೀಯರಿಗೆ ಮೂರರಲ್ಲಿ ಒಂದರಷ್ಟಕ್ಕೆ ಕಡಮೆಯಾಗದಂತೆಯೂ ಸ್ಥಾನಗಳನ್ನು ಕಾದಿರಿಸಿತು. ಆದುದರಿಂದ ಗ್ಯಾಲ್ವೆಸ್ಟನ್ನಿನ ಐವರ ಮಂಡಲಿ ನಮ್ಮಲ್ಲಿ ಸಾಧ್ಯವಿಲ್ಲ. ಆದರೆ ಕ್ಯಾಲಿಫೋರ್ನಿಯಾದ ಹಳೆಯ ಗುಪ್ತಮಾರ್ಗದ ಅಪಾಯ ಎಲ್ಲಿಯೂ ತಪ್ಪಿದ್ದಲ್ಲ. ಅಮೆರಿಕಾದಲ್ಲಿ ೧೯೦೭ರಲ್ಲಿಯೇ ಸಂಯುಕ್ತ ಸರ್ಕಾರದ ಚುನಾವಣೆಗಳಿಗೆ ಕಂಪೆನಿಗಳು ಹಣ ಕೊಡಕೂಡದೆಂದು ಶಾಸನವಾಗಿದ್ದರೂ, ೨೦೧೦ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವು ಉಮೇದುವಾರರಿಂದ ಸ್ವತಂತ್ರವಾಗಿ ಎಷ್ಟಾದರೂ ವೆಚ್ಚ ಮಾಡಬಹುದೆಂದಿತು. ನಮ್ಮಲ್ಲಿ ೨೦೧೮ರಲ್ಲಿ ಬಂದ ಚುನಾವಣಾ ಬಾಂಡುಗಳ ಯೋಜನೆಯಲ್ಲಿ ಕೊಟ್ಟವರ ಹೆಸರು ಮತದಾರರಿಗೆ ತಿಳಿಯುತ್ತಿರಲಿಲ್ಲ. ಅದು ಮತದಾರನ ತಿಳಿಯುವ ಹಕ್ಕಿಗೆ ವಿರುದ್ಧವೆಂದು ೨೦೨೪ರ ಫೆಬ್ರವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟು ರದ್ದುಮಾಡಿತು.

ಯಾವ ಊರಿನಲ್ಲಾಗಲಿ, ಯಾವ ಸಂಘದ್ದಾಗಲಿ, ಪಟ್ಟಿಯೊಂದು ಕೈಗೆ ಬಂದಾಗ ಪೌರನು ಕೇಳಬೇಕಾದ ಪ್ರಶ್ನೆಗಳು ಮೂರು. ಇದನ್ನು ಬರೆದವರು ಯಾರು, ಅವರ ಹೆಸರು ಬಯಲಿನಲ್ಲಿದೆಯೆ? ಇದರ ವೆಚ್ಚ ಯಾರದು? ಇದನ್ನು ಒಪ್ಪದವರು ತಮ್ಮ ಬೇರೊಂದು ಪಟ್ಟಿಯನ್ನು ಮಾಡಿ ಅದರಿಂದ ಒಬ್ಬನನ್ನಾದರೂ ಸಭೆಗೆ ಕಳುಹಿಸಲು ದಾರಿ ಉಂಟೆ? ಮೂರಕ್ಕೂ ತೃಪ್ತಿಕರವಾದ ಉತ್ತರ ಬಂದರೆ ವರ್ತಕರ ಸಲಹೆ ಊರಿಗೆ ಸಂಪತ್ತು. ಅದನ್ನು ಗೌರವದಿಂದ ಓದಿ, ಸರಿಕಂಡರೆ ಸ್ವೀಕರಿಸಬಹುದು. ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲವೆಂದಾದರೆ, ಪಟ್ಟಿಯಲ್ಲಿರುವವರು ಎಷ್ಟೇ ಯೋಗ್ಯರಾಗಿರಲಿ, ಊರಿನ ಯಾವುದೋ ಒಂದು ಮೂಲೆಯ ಚರಂಡಿ ಇಪ್ಪತ್ತೊಂಬತ್ತು ವರ್ಷ ಕಡತದಲ್ಲಿಯೇ ಉಳಿಯುವ ಸಂಭವವುಂಟು.